ಫೋನಿಗೊಂದು ಅಂಗಿ

ಈ ವರ್ಷ ನಾನು ನನಗಾಗಿ ಕೊಂಡ ಸೀರೆಗಳಿಗಿಂತ ನನ್ನ ಫೋನಿಗಾಗಿ ಕೊಂಡ ಕವರುಗಳೇ ಹೆಚ್ಚು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ಬೀರುವಿನ ಮೇಲಿನ ಖಾನೆಯಲ್ಲಿ ನನ್ನ ಸೀರೆಗಳು ಇದ್ದಷ್ಟೇ ಇವೆ. ಕೆಳಗಿನ ಖಾನೆಯಲ್ಲಿ ಮಾತ್ರ ಫೋನು ತೊಟ್ಟು ಬಿಟ್ಟ ಅಂಗಿಗಳ ಗುಡ್ಡೆ ಬೆಳೆಯುತ್ತಲೇ ಇದೆ. ಒಂದು ಕಾಲಕ್ಕೆ ಗಾಜಿನಂತಿದ್ದು ಈಗ ಅರಿಸಿನ ನೀರಿನ ಬಣ್ಣಕ್ಕೆ ತಿರುಗಿದ ರಬ್ಬರಿನದು, ಪುಸ್ತಕದ ಹಾಗೆ ತೆರೆಯುವ ಕಂದು ಬಣ್ಣದ್ದು, ಮೂಲೆಮೂಲೆಗೂ ಉಬ್ಬಿಕೊಂಡಿರುವ ಕಪ್ಪನೆಯದು, ಬೆನ್ನಿಗೆ ಉಂಗುರ ಅಂಟಿಸಿಕೊಂಡದ್ದು. ಬಿಸಾಡಲು ಮನಸ್ಸು ಬರುವುದಿಲ್ಲ. ಯಾರಿಗಾದರೂ ಕೊಡೋಣವೆಂದರೆ ಒಂದು ಫೋನಿನ ಅಂಗಿ ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಕಾಲದಲ್ಲಿ ಅಣ್ಣನ ಅಂಗಿಯಾದರೂ ತಮ್ಮನಿಗೆ ಆಗುತ್ತಿತ್ತು.

ಇಷ್ಟೊಂದು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಕಾರಣ ಒಂದೇ, ಕವರು ಜಾರುತ್ತದೆ ಅಂತ. ಅದು ಹಸೀ ಸುಳ್ಳು. ಜಾರುತ್ತಿದ್ದದ್ದು ಕವರಲ್ಲ, ನನ್ನ ಬಲಗೈ. ಅದನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ವರ್ಷವಿಡೀ ಫೋನಿಗೆ ಬಟ್ಟೆ ಬದಲಿಸುತ್ತಾ ಕೂತಿದ್ದೆ. ಧೈರ್ಯ ಯಾಕಿರಲಿಲ್ಲ ಎಂಬುದನ್ನೂ ಹೇಳುತ್ತೇನೆ. ಆದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು, ನೇರವಾಗಿ ಹೇಳುವಷ್ಟು ಗಟ್ಟಿಗಿತ್ತಿ ನಾನಲ್ಲ.

ಫೋನು ಕೊಡಿಸಿದ್ದು ಮಗಳು ಅನಘಾ. ಅವಳಿಗೆ ಮುಂಬೈಯ ಪವಾಯಿಯಲ್ಲಿ ಕೆಲಸ, ನನಗೆ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ. ಚೆಂಬೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಅವಳು ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಸಂಜೆ ಮತ್ತೆ ಸೇರುವಾಗ ಇಬ್ಬರಿಗೂ ಮಾತಾಡುವ ತ್ರಾಣ ಉಳಿದಿರುವುದಿಲ್ಲ. ಒಂದು ಭಾನುವಾರ ಅವಳು ನನ್ನ ಹಳೆಯ ಫೋನನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, "ಅಮ್ಮಾ, ನಿಂದು ಈ ಫೋನ್ ತುಂಬಾ ಎಂಬರಾಸಿಂಗ್ ಇದೆ. ಐ ಕಾಂಟ್" ಎಂದಳು. ಮುಂದಿನ ಭಾನುವಾರ ಹೊಸದು ಬಂತು. ಮುಂದೆಯೂ ಗಾಜು, ಹಿಂದೆಯೂ ಗಾಜು. ಅದನ್ನು ಮಾಡಿದವರು ಯಾರೇ ಇರಲಿ, ಬೆಳಗಿನ ಹೊತ್ತು ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡಿದವರಂತೂ ಅಲ್ಲ.

ಬಣ್ಣ ಆರಿಸಿದ್ದು ನಾನೇ. ಅಂಗಡಿಯಲ್ಲಿ ಬೆಳಕಿಗೆ ಹಿಡಿದು, ವಾರೆಯಾಗಿ ಹಿಡಿದು, ಮಗಳ ತಾಳ್ಮೆ ಕೆಡುವವರೆಗೆ ನೋಡಿ, ಕೊನೆಗೆ ತಿಳಿನೇರಳೆ ಬಣ್ಣದ್ದು ಬೇಕೆಂದೆ. ಅಂಗಡಿಯವನು ಅದಕ್ಕೆ ಅಲ್ಲೇ ಕವರು ಹಾಕಿಕೊಟ್ಟ. ಅಲ್ಲಿಗೆ ಆ ಬಣ್ಣದ ಋಣ ತೀರಿತು. ಅಂದಿನಿಂದ ಅದನ್ನು ನಾನು ಕಂಡದ್ದು ಒಂದು ಕವರು ಬಿಚ್ಚಿ ಇನ್ನೊಂದು ಹಾಕುವಾಗ ಮಾತ್ರ.

ನಮ್ಮ ಮನೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರು ಮೈಸೂರಿನವರು, ಹೊಸ ವಸ್ತುವನ್ನು ಬರೀ ಮೈಯಲ್ಲಿ ಬಿಡುವುದು ಅಪಚಾರವೆಂದು ನಂಬಿದ ಮನೆತನದಿಂದ ಬಂದವರು. ನಮ್ಮ ಟಿ.ವಿ. ರಿಮೋಟು ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಇದೆ. ಆ ಪ್ಲಾಸ್ಟಿಕ್ಕು ಮಾಸಿ ಯಾವ ಬಟನ್ನು ಯಾವುದೆಂದು ಯಾರಿಗೂ ಕಾಣುವುದಿಲ್ಲ, ಒಳಗೆ ರಿಮೋಟು ಮಾತ್ರ ಹೊಚ್ಚ ಹೊಸದಂತೆ. ಮಿಕ್ಸಿಗೆ ನನ್ನ ಹಳೆಯ ಸೀರೆಯ ಕುಲಾವಿ, ಫ್ರಿಜ್ಜಿನ ಹಿಡಿಕೆಗೆ ಉಲ್ಲನ್ನಿನ ಕಾಲುಚೀಲ, ವಾಷಿಂಗ್ ಮಷೀನಿಗೆ ಹೂವಿನ ಚಿತ್ತಾರದ ರೇನ್‌ಕೋಟು. ಸೋಫಾದ ಪಾಲಿಥೀನು ಮುಂಬೈಯ ಮೇ ತಿಂಗಳ ಬೆವರಿಗೆ ತಾನೇ ಹರಿದುಹೋಯಿತು, ಅವರಾಗಿ ತೆಗೆದದ್ದಲ್ಲ. ಅನಘಾ ಶಾಲೆಗೆ ಹೋಗುವಾಗ ಪುಸ್ತಕಗಳಿಗೆ ಕಂದು ಕಾಗದದ ಬೈಂಡು ಹಾಕಿ, ಆ ಬೈಂಡು ಕೊಳೆಯಾಗದಿರಲೆಂದು ಅದರ ಮೇಲೊಂದು ಪ್ಲಾಸ್ಟಿಕ್ಕು ಹಾಕುತ್ತಿದ್ದರು. ವರ್ಷದ ಕೊನೆಗೆ ಪುಸ್ತಕ ಎಷ್ಟು ಹೊಸದಾಗಿರುತ್ತಿತ್ತೆಂದರೆ, ಹುಡುಗಿ ಇದನ್ನು ತೆರೆದೇ ಇಲ್ಲವೇನೋ ಎಂದು ಟೀಚರಿಗೆ ಅನುಮಾನ ಬಂದು ನಮ್ಮನ್ನು ಕರೆಸಿದ್ದರು.

ಅವರ ಪ್ರೀತಿ ಕಾಣಿಸಿಕೊಳ್ಳುವುದೇ ಹಾಗೆ, ನನಗೆ ಗೊತ್ತು. ಆದರೆ ವಸ್ತು ಕೊಳೆಯಾಗಬಾರದೆಂದು ಕವರು ಹಾಕಿದರೆ ಕವರು ಕೊಳೆಯಾಗುತ್ತದೆ. ಅದನ್ನು ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ತೊಡಿಸಬೇಕು. ಯಾರು ಒಗೆಯಬೇಕು ಎಂದು ನೀವು ಕೇಳುವುದಿಲ್ಲ, ಅಲ್ಲವೇ? ಬೆಳಿಗ್ಗೆ ಏಳುವಾಗಲೇ ಸಂಜೆಯ ಸುಸ್ತು ಹೊತ್ತುಕೊಂಡು ಏಳುವ ನನ್ನಂಥವಳಿಗೆ ಭಾನುವಾರವೆಂದರೆ ಮನೆಯ ವಸ್ತುಗಳಿಗೆಲ್ಲ ಸ್ನಾನ ಮಾಡಿಸಿ ಬಟ್ಟೆ ಹಾಕುವ ದಿನ.

ಕವಚವೆನ್ನುವುದು ನಮ್ಮ ಜನಕ್ಕೆ ಹೊಸದೇನಲ್ಲ ಬಿಡಿ. ನನ್ನ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕವಚ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಒಂದೊಂದು ಅಂಗಕ್ಕೂ ಒಬ್ಬೊಬ್ಬ ದೇವತೆಯ ಕಾವಲು, ಪೊಲೀಸ್ ಠಾಣೆಗಳಿಗೆ ಸರಹದ್ದು ಹಂಚಿಕೊಟ್ಟ ಹಾಗೆ. ಉಗುರಿನ ತುದಿಯನ್ನೂ ಬಿಟ್ಟಿರಲಿಲ್ಲ. ಮಣಿಕಟ್ಟಿನ ಪಹರೆ ಯಾರದಾಗಿತ್ತೋ ನೆನಪಿಲ್ಲ. ನನ್ನ ಪಾಳಿ ಬರುವ ಹೊತ್ತಿಗೆ ಅವರು ರಜೆ ಹಾಕಿದ್ದರು ಅನ್ನಿಸುತ್ತದೆ. ಸೃಷ್ಟಿಕರ್ತನೂ ಕವರು ಹಾಕುವುದರಲ್ಲಿ ನಮ್ಮ ಮನೆಯವರಿಗಿಂತ ಹಿಂದೆ ಬಿದ್ದವನಲ್ಲ. ತೆಂಗಿನಕಾಯಿಗೆ ನಾರು, ನಾರಿನ ಕೆಳಗೆ ಚಿಪ್ಪು. ದಾಳಿಂಬೆಗೆ ಸಿಪ್ಪೆ, ಒಳಗೆ ಮತ್ತೆ ಪೊರೆ. ಆದರೆ ಅವನ ಕವರಿಗೆ ಒಂದು ಮರ್ಯಾದೆಯಿದೆ. ತಿನ್ನುವ ಹೊತ್ತು ಬಂದಾಗ ಸುಲಿದು ಬಿಸಾಡಬಹುದು. ಫೋನಿನದಕ್ಕೆ ಸುಲಿಯುವ ಹೊತ್ತು ಅಂತ ಬರುವುದೇ ಇಲ್ಲ. ಒಳಗಿನ ವಸ್ತು ಹಳತಾಗಿ ಸತ್ತರೂ ಅಂಗಿ ತೊಟ್ಟೇ ಸಾಯುತ್ತದೆ.

ಇನ್ನು ಮುಂಬೈಯಲ್ಲಿ ಕವರೆಂದರೆ ಬರೀ ಅಂಗಿಯಲ್ಲ, ಜೇಬೂ ಹೌದು. ಲೋಕಲ್ಲಿನ ಲೇಡಿಸ್ ಡಬ್ಬಿಯಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಒಂದು ಸಲ ಕಣ್ಣಾಡಿಸಿ ನೋಡಿ. ಪಾರದರ್ಶಕ ಕವರಿನ ಬೆನ್ನಲ್ಲಿ ಲೋಕಲ್ಲಿನ ಪಾಸು, ಮಡಿಸಿದ ಒಂದು ನೋಟು, ಪಾಸ್‌ಪೋರ್ಟ್ ಸೈಜಿನ ಮಗು, ಬಾಡಿದ ತುಳಸಿ ಎಲೆ, ಹಣೆಯಿಂದ ಎದ್ದುಬಂದ ಬಿಂದಿ. ಹೆಂಗಸರ ಸೀರೆಗೆ ಜೇಬಿಡದ ಸಮಾಜ ಕೊನೆಗೂ ಒಂದು ಜೇಬು ಕೊಟ್ಟಿತು ಅನ್ನಿ. ನನ್ನದರಲ್ಲಿ ಪಾಸಿನ ಹಿಂದೆ ಅನಘಾ ಒಂದನೇ ತರಗತಿಯಲ್ಲಿದ್ದಾಗಿನ ಫೋಟೋ ಇತ್ತು. ಈಗಿನ ಅನಘಾ ಅದನ್ನು ನೋಡಿ, "ಅಮ್ಮಾ, ಪ್ಲೀಸ್, ಯಾರಿಗೂ ತೋರ್ಸಬೇಡ" ಎನ್ನುತ್ತಿದ್ದಳು. ಟಿ.ಸಿ.ಗೆ ಪಾಸು ತೋರಿಸುವಾಗೆಲ್ಲ ನಾನು ಅವಳನ್ನೂ ತೋರಿಸುತ್ತಿದ್ದೆ.

ಮೊದಲ ಸಲ ಫೋನು ಬಿದ್ದದ್ದು ಅಡುಗೆಮನೆಯ ಕಲ್ಲಿನ ಮೇಲೆ. ಕೈಯಲ್ಲಿತ್ತು, ಮರುಕ್ಷಣ ಇರಲಿಲ್ಲ. ನಡುವೆ ಏನಾಯಿತೆಂದು ನನಗೇ ತಿಳಿಯಲಿಲ್ಲ. ಎರಡನೆಯ ಸಲ ಲೋಕಲ್ಲಿನಲ್ಲಿ. ಆ ಮೇಲೆ ಲೆಕ್ಕವಿಡುವುದನ್ನು ಬಿಟ್ಟೆ. ನಮ್ಮ ಮನೆಯವರು ಪ್ರತಿ ಸಲವೂ, "ಆ ರಬ್ಬರ್ ನುಣ್ಣಗಿದೆ ಕಣೇ, ಗ್ರಿಪ್ಪೇ ಇಲ್ಲ. ಬೇರೆ ಗಟ್ಟಿದು ತಗೋ" ಎಂದು ಸಮಾಧಾನ ಮಾಡುತ್ತಿದ್ದರು. ಇಷ್ಟು ಒಳ್ಳೆಯ ಸಬೂಬನ್ನು ಕೈಗೇ ತಂದುಕೊಟ್ಟರೆ ಬೇಡವೆನ್ನಲು ನಾನೇನು ಹುಚ್ಚಿಯೇ?

ಚೆಂಬೂರು ಸ್ಟೇಷನ್ನಿನ ಹೊರಗೆ ಕವರುಗಳನ್ನು ತೋರಣದ ಹಾಗೆ ತೂಗುಹಾಕಿಕೊಂಡು ನಿಲ್ಲುವವನಿಗೆ ನಾನು ಖಾಯಂ ಗಿರಾಕಿಯಾದೆ. ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮಾಡೆಲ್ ಕೌನ್ಸಾ, ಆಂಟಿ?" ನನಗೆ ಗಂಡನ ರಕ್ತದ ಗುಂಪು ನೆನಪಿದೆ, ಮಾಡೆಲ್ ನೆನಪಿರುವುದಿಲ್ಲ. ಅವನೇ ಫೋನು ಇಸಿದುಕೊಂಡು, ತಿರುಗಿಸಿ ನೋಡಿ, ಹಿಂದಿನದಕ್ಕಿಂತ ದಪ್ಪನೆಯದೊಂದನ್ನು ಕೆಳಗಿಳಿಸುತ್ತಿದ್ದ. ಒಂದು ದಿನ ನಾನು ಅನುಮಾನದಿಂದ ನೋಡಿದ್ದಕ್ಕೆ, "ದೇಖೋ ಆಂಟಿ" ಎಂದು ತನ್ನ ಸ್ವಂತ ಫೋನನ್ನು ಫುಟ್‌ಪಾತಿನ ಕಲ್ಲಿನ ಮೇಲೆ ರಪ್ಪನೆ ಎಸೆದ. ಅದು ಪುಟಿದು ಒಬ್ಬ ಮುದುಕರ ಕಾಲಿನ ಬಳಿ ಹೋಗಿ ನಿಂತಿತು. ಏನೂ ಆಗಿರಲಿಲ್ಲ. ಅವನ ಮುಖದಲ್ಲಿ ಎಂಥ ಹೆಮ್ಮೆ! ನಾನು ಅಂಥದ್ದೇ ಕವರು ಕೊಂಡೆ. ಈಗ ಹೇಳಿದರೆ ನಗುತ್ತೀರಿ, ಆದರೆ ಆವತ್ತು ನಾನು ಹೊಟ್ಟೆಕಿಚ್ಚು ಪಟ್ಟದ್ದು ಅವನ ಕವರಿನ ಬಗ್ಗೆ ಅಲ್ಲ. ಬೇಕೆಂದೇ ಬೀಳಿಸಬಲ್ಲ ಅವನ ಕೈಯ ಬಗ್ಗೆ.

ಸರಿ, ಇನ್ನು ಸುತ್ತುವುದಕ್ಕೆ ದಾರಿಯಿಲ್ಲ. ಅಮ್ಮನ ವಿಷಯ ಹೇಳಬೇಕು.

ಅಮ್ಮ ಮೈಸೂರಿನಲ್ಲಿ ಅಣ್ಣನ ಜೊತೆಗಿದ್ದರು. ಅವರದು ಸುಮ್ಮನಿರುವ ಕೈಯಲ್ಲ. ಮಾತಾಡುತ್ತಾ ಹೂ ಕಟ್ಟುತ್ತಿದ್ದರು, ನೋಡದೆಯೇ. ಅವರಿಗೂ ಶುರುವಾದದ್ದು ಬೀಳಿಸುವುದರಿಂದಲೇ. ಮೊದಲು ಚಮಚ, ಆಮೇಲೆ ಲೋಟ, ಒಂದು ದಿನ ಕುದಿಯುವ ಹಾಲಿನ ಪಾತ್ರೆ. ಕೈ ನಡುಗುವ ಕಾಯಿಲೆಯೆಂದು ಡಾಕ್ಟರು ಹೇಳಿದರು, ಮಾತ್ರೆ ಕೊಟ್ಟರು. ಅಣ್ಣ, ಅತ್ತಿಗೆ ಇಬ್ಬರೂ ಬಂಗಾರದಂಥವರು. ಅಮ್ಮ ಒಲೆಯ ಹತ್ತಿರ ಬಂದರೆ, "ನೀನು ಕೂತ್ಕೋಮ್ಮ." ಈಳಿಗೆಮಣೆ ಎಳೆದರೆ, "ಅಯ್ಯೋ, ನಿಮಗ್ಯಾಕತ್ತೆ, ಕೂತ್ಕೊಳಿ." ಹೂವಿನ ದಾರ ಸಿಕ್ಕಾಗುತ್ತದೆಂದು ಹೂವನ್ನೂ ಕಟ್ಟಿದ್ದನ್ನೇ ತಂದರು. ಒಡೆಯದ ತಟ್ಟೆ, ಒಡೆಯದ ಲೋಟ. ಅಮ್ಮ ವರ್ಷಗಟ್ಟಲೆ ಬದುಕಿದರು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಕಾಯಿಲೆಗಿಂತ ಹೆಚ್ಚಾಗಿ ಆ ಕೂತ್ಕೋ ಎನ್ನುವ ಮಾತೇ ಅವರನ್ನು ತಿಂದುಹಾಕಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆ ಸಿಟ್ಟನ್ನು ಯಾರ ಮೇಲೆ ತೋರಿಸುವುದು? ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು.

ಹಾಗಾಗಿ ನನ್ನ ಕೈಯಿಂದ ಫೋನು ಬಿದ್ದಾಗ ನನಗೆ ಕೇಳಿಸುತ್ತಿದ್ದದ್ದು ಗಾಜಿನ ಸದ್ದಲ್ಲ. ಮುಂಬೈಯಲ್ಲಿ, ಅದರಲ್ಲೂ ನಮ್ಮ ಮನೆಯಲ್ಲಿ, ಕೂತ್ಕೋ ಎಂದು ಹೇಳುವುದಕ್ಕೆ ತುದಿಗಾಲಲ್ಲಿ ನಿಂತವರು ಒಬ್ಬರಿದ್ದರಲ್ಲ! ರಿಟೈರಾದ ಮೇಲೆ ಕವರು ಹಾಕಲು ಹೊಸ ವಸ್ತು ಸಿಗದೆ ಅವರು ಚಡಪಡಿಸುತ್ತಿದ್ದರು. ಡಾಕ್ಟರ ಬಳಿಗೆ ಹೋದರೆ ಕಾಯಿಲೆಗೆ ಹೆಸರು ಬರುತ್ತದೆ, ಹೆಸರು ಬಂದರೆ ನನ್ನನ್ನು ಒಳಗೆ ಹಾಕಿ ಮುಚ್ಚುತ್ತಾರೆ. ಅದರ ಬದಲು ಫೋನನ್ನೇ ಮುಚ್ಚೋಣ ಎಂದು ನನ್ನ ಬುದ್ಧಿ ಹೇಳಿತು. ಬುದ್ಧಿಯ ಮಾತನ್ನು ನಾನು ಸಾಮಾನ್ಯವಾಗಿ ಕೇಳುವವಳಲ್ಲ, ಅವತ್ತು ಯಾಕೋ ಕೇಳಿದೆ.

ಗುಟ್ಟು ಹಿಡಿದದ್ದು ವಾರಿಜಕ್ಕ. ಉಡುಪಿ ಕಡೆಯವರು, ನನಗಿಂತ ಸ್ವಲ್ಪ ದೊಡ್ಡವರು. ಫೋರ್ಟಿನಲ್ಲಿ ಅವರ ಮನೆಯವರದು ಒಂದು ಊಟದ ಹೋಟೆಲು, ಇವರು ಅಲ್ಲೇ ಪಕ್ಕದ ಬಿಲ್ಡಿಂಗಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಅವರು ವಾಶಿಯಿಂದ ಕೂತು ಬರುತ್ತಾರೆ, ನಾನು ಚೆಂಬೂರಿನಲ್ಲಿ ಹತ್ತಿ ನಿಲ್ಲುತ್ತೇನೆ. ವಡಾಲಾ ಬಂದಾಗ ಅವರು ಎದ್ದು ನನ್ನನ್ನು ಕೂರಿಸುತ್ತಾರೆ. ಕೂತವರು ಅರ್ಧ ದಾರಿಗೆ ಎದ್ದು ನಿಂತವರಿಗೆ ಜಾಗ ಬಿಡುವುದು ಲೋಕಲ್ಲಿನ ಗುಂಪುಗಳ ಕಾನೂನು. ಸ್ವಂತ ಅಕ್ಕತಂಗಿಯರಲ್ಲಿ ನಾನು ಇಷ್ಟು ನ್ಯಾಯ ಕಂಡಿಲ್ಲ.

ಆ ಬೆಳಿಗ್ಗೆ ಉಂಗುರದ ಕವರಿತ್ತು. ಬೆರಳು ಉಂಗುರದೊಳಗೇ ಇತ್ತು. ಆದರೂ ವಡಾಲಾದಲ್ಲಿ ಜಾಗ ಬದಲಿಸುವಾಗ ಫೋನು ಕೆಳಗಿತ್ತು. ವಾರಿಜಕ್ಕ ಬಗ್ಗಿ ಎತ್ತಿಕೊಟ್ಟರು. ಕೊಟ್ಟವರು ಬಿಡಲಿಲ್ಲ, ನನ್ನ ಕೈಯನ್ನೇ ಹಿಡಿದುಕೊಂಡರು.

"ನಿಮ್ಮದು ಎಂಥ ಕಥೆ ಮಾರಾಯ್ರೆ? ವಾರಕ್ಕೊಂದು ಕವರ್ ಉಂಟು. ಇದು ಕವರಿನ ವಿಷಯ ಅಲ್ಲ. ಕೈಗೆ ಎಂಥ ಆಗಿದೆ ಹೇಳಿ."

"ಏನಿಲ್ಲ ವಾರಿಜಕ್ಕ, ಸುಸ್ತು" ಎಂದೆ.

"ಸುಸ್ತು ನನಗೂ ಉಂಟು, ಇಡೀ ಡಬ್ಬಿಗೆ ಉಂಟು. ಎಲ್ಲರೂ ಫೋನ್ ಬಿಸಾಡ್ತಾ ಇದ್ದಾರಾ?"

ಅಷ್ಟು ಜನರ ನಡುವೆ, ಯಾರದೋ ಮೊಣಕೈ ನನ್ನ ಕಿವಿಗೆ ತಾಗುತ್ತಿರುವಾಗ, ನನಗೆ ಅಳು ಬಂದುಬಿಟ್ಟಿತು. ಗಂಡನಿಗೆ, ಮಗಳಿಗೆ ಹೇಳದ್ದನ್ನೆಲ್ಲ ಅಲ್ಲಿ ಹೇಳಿದೆ. ಅಮ್ಮನ ಕಾಯಿಲೆ, ನನ್ನ ಭಯ, ಎಲ್ಲ. ಮುಂಬೈಯಲ್ಲಿ ಗುಟ್ಟು ಹೇಳಲು ಗದ್ದಲದ ಜಾಗವೇ ಮೇಲು, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎದುರಿಗೆ ಕೂತಿದ್ದ ಮರಾಠಿ ಹೆಂಗಸೊಬ್ಬಳು ಏನೂ ಕೇಳದೆ ನೀರಿನ ಬಾಟಲಿ ಮುಂದೆ ಹಿಡಿದಳು. ವಾರಿಜಕ್ಕ ಕೇಳುವಷ್ಟು ಕೇಳಿ, "ಹೆದರಿ ಕೂತರೆ ಕಾಯಿಲೆ ಹೆದರಿ ಓಡ್ತದಾ? ಶನಿವಾರ ನಾನು ಬರ್ತೇನೆ, ಹೋಗುವ" ಎಂದರು. ನಾನು ಹೂಂ ಎಂದೆನೋ ಇಲ್ಲವೋ, ಅವರಂತೂ ಕೇಳಿಸಿಕೊಳ್ಳಲಿಲ್ಲ.

ಡಾಕ್ಟರು ಚೆಂಬೂರಿನವರೇ, ಮರಾಠಿಯವರು. ನನ್ನನ್ನು ನಡೆಸಿದರು, ಬರೆಸಿದರು, ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಡಿಸಿ ನೋಡುತ್ತಾ ಕೂತರು. ಆಮೇಲೆ ಎರಡೂ ಅಂಗೈಗಳ ಬೆನ್ನು ಒಂದಕ್ಕೊಂದು ತಾಗುವಂತೆ, ನಮಸ್ಕಾರವನ್ನು ತಲೆಕೆಳಗು ಮಾಡಿದ ಹಾಗೆ ಹಿಡಿಯಲು ಹೇಳಿದರು. ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಇರುವೆ ಹರಿದಂತಾಯಿತು. ಹಾಗೆಂದೆ. ಡಾಕ್ಟರು ತಲೆಯಾಡಿಸಿ, ಇದು ನಿಮ್ಮ ತಾಯಿಯ ಕಾಯಿಲೆಯಲ್ಲ ಎಂದರು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಅಷ್ಟೇ. ವರ್ಷಗಟ್ಟಲೆ ಕಂಪ್ಯೂಟರು, ಮನೆಗೆಲಸ, ಲೋಕಲ್ಲಿನ ಹಿಡಿಕೆಗೆ ನೇತಾಡುವುದು, ಅದರ ಮೇಲೆ ಫೋನು. ನಾನು ಇನ್ನೊಂದು ಸಲ ಹೇಳಿ ಎಂದೆ. ಅವರು ಇನ್ನೊಂದು ಸಲ ಹೇಳಿದರು. ವಾರಿಜಕ್ಕ ಜೋರಾಗಿ, "ಅಬ್ಬ, ದೇವರೇ!" ಎಂದರು.

ಆಮೇಲೆ ಡಾಕ್ಟರು ಮೇಜಿನ ಮೇಲಿದ್ದ ನನ್ನ ಫೋನನ್ನು ಎತ್ತಿ ಅಂಗೈಯಲ್ಲಿ ತೂಗಿದರು. ಉಬ್ಬಿದ ಮೂಲೆಯ ಕವರು, ಅದಕ್ಕೆ ಉಂಗುರ, ಉಂಗುರಕ್ಕೊಂದು ದಾರ. "ಇಷ್ಟು ಭಾರವನ್ನು ಹೊತ್ತುಕೊಂಡು ತಿರುಗುತ್ತೀರಾ? ಕೈ ಸೋಲದೆ ಏನು ಮಾಡುತ್ತದೆ?" ಎಂದು ಕೇಳಿದರು. ಕೈ ಸೋತಷ್ಟೂ ನಾನು ಕವರು ದಪ್ಪ ಮಾಡಿದ್ದೆ, ಕವರು ದಪ್ಪವಾದಷ್ಟೂ ಕೈ ಸೋತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ವಾರಿಜಕ್ಕನ ಮುಖ ನೋಡಿದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದರು.

ಚಿಕಿತ್ಸೆಯೆಂದು ಡಾಕ್ಟರು ಕೊಟ್ಟದ್ದೇನು ಗೊತ್ತೇ? ಕೈಗೊಂದು ಕವರು. ಕಪ್ಪನೆಯ ದಪ್ಪ ಪಟ್ಟಿ, ಒಳಗೊಂದು ಲೋಹದ ಪಟ್ಟೆ, ಮಣಿಕಟ್ಟು ಬಾಗದಂತೆ. ಮಲಗುವಾಗ ಮತ್ತು ಹಿಡಿಕೆ ಹಿಡಿದು ನಿಲ್ಲುವಾಗ ಹಾಕಿ, ಉಳಿದಂತೆ ಬಿಚ್ಚಿಡಿ, ಕೈಗೆ ಭಾರ ಬೇಡ ಆದರೆ ಬೆರಳಿಗೆ ಕೆಲಸ ಇರಲಿ ಎಂದರು. ನಾನು ದಾರಿಯಲ್ಲೇ ಫೋನಿನ ಕವಚ ಕಳಚಿ ಬ್ಯಾಗಿಗೆ ಹಾಕಿದೆ. ತಿಳಿನೇರಳೆ ಬಣ್ಣ ಚೆನ್ನಾಗಿಯೇ ಇತ್ತು. ಒಂದು ಪೊರೆಯಷ್ಟು ತೆಳ್ಳನೆಯ ಕವರು ಕೊಂಡು ಹಾಕಿದೆ, ಅದೂ ಪಾಸಿಗೋಸ್ಕರ.

ಮನೆಯಲ್ಲಿ ಪಟ್ಟಿ ನೋಡಿದ ತಕ್ಷಣ ನಮ್ಮ ಮನೆಯವರ ಮುಖ ಸಣ್ಣದಾಯಿತು. ಎಲ್ಲ ಕೇಳಿದ ಮೇಲೆ ಅವರಿಗೆ ನೋವಾದದ್ದು ಒಂದೇ ವಿಷಯಕ್ಕೆ. "ನಂಗೆ ಹೇಳ್ಲೇ ಇಲ್ವಲ್ಲೇ ನೀನು?"

ಮರುದಿನದಿಂದ ನಾನು ಹೆದರಿದ್ದೇ ಆಯಿತು. ಕಾಯಿಲೆ ದೊಡ್ಡದಲ್ಲವೆಂದು ಅವರಿಗೆ ಗೊತ್ತು, ಆದರೂ ಕವರು ಹಾಕುವ ಕೈ ಸುಮ್ಮನಿರಬೇಕಲ್ಲ! ಚಾಕುಗಳು ಮೇಲಿನ ಖಾನೆಗೆ ಹೋದವು. ಬಾಣಲೆ ಮುಟ್ಟಿದರೆ, "ಬಿಡೇ, ನಾನ್ ಮಾಡ್ತೀನಿ." ಬಟ್ಟೆ ಹಿಂಡಲು ಹೋದರೆ, "ನೀನ್ ಮುಟ್ಟಬೇಡ." ಒಂದು ಸಂಜೆ ಆಫೀಸಿನಿಂದ ಬಂದಾಗ ಗಾಜಿನ ಲೋಟಗಳೆಲ್ಲ ಮಾಯವಾಗಿದ್ದವು, ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ಕಿನವು ಸಾಲಾಗಿ ಕೂತಿದ್ದವು. ಹಾಲು ಒಲೆಯ ಮೇಲಿಟ್ಟು ಕಾಫಿ ಬೆರೆಸಲು ಹೊರಟೆ. ಅವರು ಓಡಿಬಂದು ಡಿಕಾಕ್ಷನ್ನಿನ ಪಾತ್ರೆ ಕಿತ್ತುಕೊಂಡು, "ನೀನು ಕೂತ್ಕೋ" ಎಂದರು.

ನಾನು ಕೂರಲಿಲ್ಲ. ಕೂಗಿದೆ. ಅಷ್ಟು ಜೋರಾಗಿ ನಾನು ಕೂಗಿದ್ದನ್ನು ಆ ಬಿಲ್ಡಿಂಗು ಹಿಂದೆ ಕೇಳಿರಲಿಲ್ಲ.

"ರೀ, ನನ್ನನ್ನೂ ರಿಮೋಟಿನ ಹಾಗೆ ಕಟ್ಟಿಡಬೇಡಿ! ನಮ್ಮಮ್ಮನ್ನ ಹೀಗೇ ಕೂರಿಸಿ ಕೂರಿಸಿ ಮುಗಿಸಿದ್ರು. ಒಡೆದ್ರೆ ಒಡೀಲಿ, ಗುಡಿಸ್ತೀನಿ. ನನ್ನ ಕೈಯಿಂದ ಕಿತ್ಕೋಬೇಡಿ."

ಅವರು ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು, ಇಬ್ಬರೂ ನೋಡಲಿಲ್ಲ. ಆಮೇಲೆ ಪಾತ್ರೆ ಕೆಳಗಿಟ್ಟು, "ನಂಗೆ ಭಯ ಆಗತ್ತೆ ಕಣೇ" ಎಂದರು. "ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ? ನಂಗೆ ಇನ್ನೇನು ಮಾಡಕ್ಕೂ ಬರಲ್ಲ, ಇದೊಂದೇ ಬರೋದು."

ಸಿಟ್ಟು ಎಲ್ಲಿ ಹೋಯಿತೋ. ಸಂಸಾರ ಶುರುವಾದಾಗಿನಿಂದ ಆ ಮನುಷ್ಯ ರಿಮೋಟಿಗೆ, ಮಿಕ್ಸಿಗೆ, ಪುಸ್ತಕಕ್ಕೆ ಹೊದಿಸಿದ್ದೆಲ್ಲ ಈ ಭಯವನ್ನೇ ಇರಬೇಕು ಎಂದು ನನಗೆ ಆಗ ಹೊಳೆಯಿತು. ನನಗೂ ಭಯವಿತ್ತು, ಹೇಳಿದೆ. ಒಲೆ ಇಬ್ಬರೂ ಸೇರಿ ಒರೆಸಿದೆವು. ಅವರು ಚಾಕುಗಳನ್ನು ಕೆಳಗಿಳಿಸಲು ಒಪ್ಪಿದರು. ಗಾಜಿನ ಲೋಟದ ಮಾತು ಮುಂದೆ ನೋಡೋಣ ಎಂದರು. ಒಂದು ಷರತ್ತು ಮಾತ್ರ ಹಾಕಿದರು, ಸಂಜೆ ನಾನು ಟ್ರೇನು ಹತ್ತಿದ ಮೇಲೆ ಅವರು ಫೋನು ಮಾಡುತ್ತಾರೆ, ನಾನು ಎತ್ತಬೇಕು. ಅಷ್ಟು ತೆಳ್ಳನೆಯ ಕವರನ್ನು ನಾನೂ ಒಪ್ಪಿದೆ.

ಮೊನ್ನೆ ಸಂಜೆ ವಿ.ಟಿ. ಸ್ಟೇಷನ್ನಿನಿಂದ ಹೊರಟ ಲೋಕಲ್ಲಿನಲ್ಲಿ ನನಗೂ ವಾರಿಜಕ್ಕನಿಗೂ ಅಕ್ಕಪಕ್ಕದಲ್ಲೇ ಸೀಟು ಸಿಕ್ಕಿತ್ತು. ಸಂಜೆಯ ಲೇಡಿಸ್ ಡಬ್ಬಿ ಅರ್ಧ ಅಡುಗೆಮನೆ. ಮನೆ ತಲುಪುವುದರೊಳಗೆ ಕೆಲಸ ಮುಗಿಯಲೆಂದು ಒಬ್ಬಳು ಬಟಾಣಿ ಸುಲಿಯುತ್ತಾಳೆ, ಇನ್ನೊಬ್ಬಳು ಬೆಳ್ಳುಳ್ಳಿ ಬಿಡಿಸುತ್ತಾಳೆ, ಸಿಪ್ಪೆಗೆಲ್ಲ ಒಂದೊಂದು ಚೀಲ. ವಾರಿಜಕ್ಕ ಸ್ಟೇಷನ್ನಿನ ಹೊರಗೆ ಮೆಂತ್ಯ ಸೊಪ್ಪು ಕೊಂಡಿದ್ದರು. ತಮ್ಮ ಮಡಿಲಲ್ಲಿ ಹಳೆಯ ಪೇಪರು ಹಾಸಿ ಒಂದು ಕಟ್ಟು ಬಿಚ್ಚಿದರು. ಇನ್ನೊಂದು ಕಟ್ಟನ್ನು, ಕೇಳದೆ ಹೇಳದೆ, ನನ್ನ ಮಡಿಲಿಗೆ ಎಸೆದರು.

"ಅದನ್ನು ಬಿಡಿಸಿ. ನಿಮ್ಮದೇ ಅದು. ಮತ್ತೆ ಬೇರು ಗೀರು ಬಿಡಬೇಡಿ, ಹೇಳಿದ್ದೇನೆ."

ಕೈ ಹೇಗಿದೆ ಎಂದು ಅವರು ಕೇಳಲಿಲ್ಲ. ನಾನು ಕಪ್ಪು ಪಟ್ಟಿಯನ್ನು ಬಿಚ್ಚಿ ಬ್ಯಾಗಿಗೆ ತುರುಕಿದೆ, ಫೋನನ್ನು ಮಡಿಲಲ್ಲಿ ಕಟ್ಟಿನ ಮಗ್ಗುಲಿಗೆ ಇಟ್ಟೆ, ಸೊಪ್ಪು ಬಿಡಿಸತೊಡಗಿದೆ. ಬೆರಳು ನಿಧಾನ. ಹೆಬ್ಬೆರಳಿಗೆ ಎಲೆ ಸಿಕ್ಕಂತೆ ಮಾಡಿ ಜಾರುತ್ತದೆ, ಮತ್ತೆ ಹಿಡಿದರೆ ಬರುತ್ತದೆ. ವಾರಿಜಕ್ಕ ಒಂದು ಹಿಡಿ ಮುಗಿಸುವಾಗ ನನ್ನದು ನಾಲ್ಕೈದು ಕಡ್ಡಿ. ಅವರು ತಿರುಗಿಯೂ ನೋಡಲಿಲ್ಲ, ಸೊಸೆಯ ಮೇಲಿನ ದೂರು ಹೇಳುತ್ತಲೇ ಇದ್ದರು. ಉಗುರಿನೊಳಗೆ ಹಸಿರು ಸೇರಿತು, ಕೈಗೆ ಕಹಿ ಘಮ ಹತ್ತಿತು. ಆ ಡಬ್ಬಿಯ ಬೆವರಿನಲ್ಲಿ, ಆ ನೂಕುನುಗ್ಗಲಿನಲ್ಲಿ ನನಗೆ ಎಷ್ಟು ಸುಖವಾಗುತ್ತಿತ್ತೆಂದರೆ, ನಾನು ದಣಿದಿದ್ದೇನೆ ಎಂಬುದೇ ಮರೆತುಹೋಗಿತ್ತು.

ಕುರ್ಲಾ ಇನ್ನೂ ದೂರವಿತ್ತು. ಫೋನು ಗುರ್ರೆಂದಿತು. ನಮ್ಮ ಮನೆಯವರು. ಗುರ್ರೆನ್ನುತ್ತಲೇ ಅದು ನನ್ನ ನೈಲಾನ್ ಸೀರೆಯ ಮೇಲೆ ಮೆಲ್ಲಗೆ ಸರಿಯುವುದು ಕಾಣುತ್ತಿತ್ತು. ನನ್ನ ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಎಲೆ. ಸರಿಯಿತು, ಸರಿಯಿತು, ಟಪ್ಪನೆ ಬಿತ್ತು. ಸುತ್ತಲಿನ ಹೆಂಗಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು, ನಾಲ್ಕು ಭಾಷೆಗಳಲ್ಲಿ. ಮೂಲೆಯಿಂದ ಮೂಲೆಗೆ ಒಂದು ಗೆರೆ ಬಿದ್ದಿತ್ತು. ಗೆರೆಯ ಹಿಂದಿನಿಂದಲೂ ಅವರ ಹೆಸರು ಮಿನುಗುತ್ತಾ ಕರೆಯುತ್ತಿತ್ತು.

"ಎತ್ತಿ ಮಾರಾಯ್ರೆ, ನಿಮ್ಮವರು!" ಎಂದರು ವಾರಿಜಕ್ಕ.

ಎದುರಿಗೆ ನಿಂತಿದ್ದ ಕಾಲೇಜು ಹುಡುಗಿ ಅದನ್ನೆತ್ತಿ, ಹಸಿರು ಬಟನ್ನು ಒತ್ತಿ, ತಾನೇ ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಅವರ ಧ್ವನಿ ಆಗಲೇ ಗಾಬರಿಯಲ್ಲಿತ್ತು.

"ಎತ್ತಕ್ಕೆ ಯಾಕೆ ಲೇಟು? ಏನದು ಗಲಾಟೆ? ಮತ್ತೆ ಫೋನ್ ಬಿತ್ತಾ? ಕೈ... ಕೈಗೇನಾಯ್ತೇ?"

"ಬಿತ್ತು ರೀ, ಗಾಜೂ ಹೋಯ್ತು" ಎಂದೆ, ಇನ್ನೊಂದು ಎಲೆ ಕೀಳುತ್ತಾ. "ಕೈಗೇನಾಗಿಲ್ಲ. ಕೈ ಖಾಲಿ ಇರ್ಲಿಲ್ಲ."